ಹಡಗಿನ ಊಟದ ಹಾಲ್‌ನಲ್ಲಿ ಸ್ಟೇಕ್ ಏಕೆ ಒಣಗುತ್ತದೆ?

ಪ್ರಶ್ನೆ: ನಮ್ಮ ಮದುವೆಗೆ 25 ವರ್ಷ ತುಂಬಿದ ಸಂದರ್ಭದಲ್ಲಿ ಮಗ ನಮ್ಮಿಬ್ಬರನ್ನು ಕಳೆದ ಮೇ ತಿಂಗಳಲ್ಲಿ ಸಿಂಗಾಪುರದಿಂದ ಹೊರಡುವ ನಾಲ್ಕು ರಾತ್ರಿಗಳ ಕ್ರೂಸಿಗೆ ಕಳಿಸಿದ್ದ. ಊಟದ ಖರ್ಚು ಟಿಕೆಟಿನಲ್ಲೇ ಸೇರಿದ್ದ ದೊಡ್ಡ ಹಾಲ್‌ನಲ್ಲಿ ಎರಡನೆಯ ರಾತ್ರಿ ಸ್ಟೇಕ್, ಅಂದರೆ ಸುಟ್ಟ ಬೀಫ್ ತುಂಡು, ತರಿಸಿದೆವು. ಒಳಗೆಲ್ಲ ಬೂದು ಬಣ್ಣ, ಅಗಿದಷ್ಟೂ ನಾರು. ಮಾರನೆಯ ರಾತ್ರಿ ಅದೇ ಹಡಗಿನಲ್ಲಿ, ಬೇರೆ ಹಣ ಕೊಡಬೇಕಾದ ಸ್ಟೇಕ್‌ಹೌಸಿನಲ್ಲಿ ತಿಂದದ್ದು ಬೆಣ್ಣೆಯಂತಿತ್ತು. ಆದರೆ ಕತ್ತರಿಸಿದಾಗ ಕೆಂಪು ನೀರು ಬಂದದ್ದರಿಂದ ನನಗೆ ಅರ್ಧಕ್ಕಿಂತ ಹೆಚ್ಚು ತಿನ್ನಲಾಗಲಿಲ್ಲ. ಒಂದೇ ಹಡಗಿನಲ್ಲಿ ಇಷ್ಟು ವ್ಯತ್ಯಾಸ ಏಕೆ? ಫ್ರೀಜರಿನ ಮಾಂಸ ಇದಕ್ಕೆ ಕಾರಣವೇ? ಬರುವ ಡಿಸೆಂಬರಿನಲ್ಲಿ ಏಳು ರಾತ್ರಿಗಳ ಮೆಡಿಟರೇನಿಯನ್ ಪ್ರಯಾಣಕ್ಕೆ ಹೊರಟಿದ್ದೇವೆ. ಬೀಫ್ ಮುಟ್ಟದ, ಆದರೆ ಮೀನಿಲ್ಲದೆ ಊಟ ಸೇರದ ಅತ್ತೆಯವರೂ ಈ ಸಲ ಜೊತೆಗಿದ್ದಾರೆ. ಒಳ್ಳೆಯ ಊಟ ಬೇಕಾದರೆ ಹಣ ಕೊಟ್ಟೇ ತಿನ್ನಬೇಕೇ?
— ಓದುಗರು, ಬಿಜೈ, ಮಂಗಳೂರು

ಉತ್ತರ: ನೀವು ತಿಂದ ಎರಡು ಸ್ಟೇಕ್‌ಗಳ ನಡುವಿನ ವ್ಯತ್ಯಾಸಕ್ಕೆ ಫ್ರೀಜರ್ ಮುಖ್ಯ ಕಾರಣವಲ್ಲ. ಮಾಂಸದ ದರ್ಜೆಗೆ ಅದರಲ್ಲಿ ಸ್ವಲ್ಪ ಪಾಲಿದೆ. ಆದರೆ ದೊಡ್ಡ ಪಾಲು ಸಮಯದ್ದು, ಅಂದರೆ ಮಾಂಸ ಕಾವಲಿಯಿಂದ ಇಳಿದು ನಿಮ್ಮ ತಟ್ಟೆಗೆ ಬೀಳುವವರೆಗೆ ಎಷ್ಟು ಹೊತ್ತು ಮತ್ತು ಎಂತಹ ಕಾವಿನಲ್ಲಿ ಕಾದು ಕುಳಿತಿತ್ತು ಎಂಬುದರದ್ದು. ಹದಿನೇಳು ವರ್ಷ ಪ್ರಯಾಣಿಕ ಹಡಗುಗಳ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ದುಡಿದು, ಈಗ ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಅಡುಗೆ ಕಲಿಸುತ್ತಿರುವ ನಾನು ಈ ಪ್ರಶ್ನೆಯನ್ನು ಪ್ರಯಾಣ ಮುಗಿಸಿ ಬಂದ ಪರಿಚಯದವರಿಂದ ಮತ್ತೆ ಮತ್ತೆ ಕೇಳಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ನಮ್ಮ ಕಡೆಯ ಮದುವೆ ಹಾಲನ್ನು ನೆನಪಿಸಿಕೊಳ್ಳಿ. ಸಾವಿರ ಜನ ಊಟಕ್ಕೆ ಕುಳಿತರೂ ಕೋಳಿ ಗಸಿಯ ರುಚಿ ಕೆಡುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಎರಡು ಗಂಟೆ ಇದ್ದರೆ ಮಸಾಲೆ ಇನ್ನಷ್ಟು ಹಿಡಿಯುತ್ತದೆ. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಎರೆದು, ಮಡಚಿ, ಪೇರಿಸಿಟ್ಟ ನೀರುದೋಸೆ ಒಂದು ಗಂಟೆಗೆ ಬಡಿಸುವಾಗ ಬೆವರಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಕಾಣೆ ಫ್ರೈಯ ಕಥೆಯೂ ಇದೇ. ಅಡುಗೆಯವರು ಅವರೇ, ಅಕ್ಕಿಯೂ ಮೀನೂ ಒಳ್ಳೆಯದೇ. ಆದರೆ ಕೆಲವು ಅಡುಗೆಗಳು ಕಾಯುವುದರಿಂದ ಹದಗೊಳ್ಳುತ್ತವೆ, ಕೆಲವು ಕಾದರೆ ಕೆಡುತ್ತವೆ. ಸ್ಟೇಕ್ ನೀರುದೋಸೆಯ ಗುಂಪಿಗೆ ಸೇರಿದ್ದು. ಅದನ್ನು ಗಸಿಯಂತೆ ಸಾವಿರ ಜನಕ್ಕೆ ಒಟ್ಟಿಗೆ ಮಾಡಲು ಹೊರಟಾಗ ಏನಾಗುತ್ತದೆಯೋ ಅದನ್ನೇ ನೀವು ಎರಡನೆಯ ರಾತ್ರಿ ತಿಂದಿರಿ.

ಮೂರು ಸಾವಿರ ಪ್ರಯಾಣಿಕರ ಹಡಗಿನ ದೊಡ್ಡ ಹಾಲಿನಲ್ಲಿ ರಾತ್ರಿಯೂಟ ಸಾಮಾನ್ಯವಾಗಿ ಎರಡು ಪಾಳಿಗಳಲ್ಲಿ ನಡೆಯುತ್ತದೆ. ಒಂದೊಂದು ಪಾಳಿಗೂ ಸಾವಿರಕ್ಕೆ ಮಿಕ್ಕಿ ಜನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ಕೂರುತ್ತಾರೆ, ಒಂದೇ ಹೊತ್ತಿಗೆ ಸೂಪ್ ಮುಗಿಸುತ್ತಾರೆ, ಒಂದೇ ಹೊತ್ತಿಗೆ ಮುಖ್ಯ ಖಾದ್ಯಕ್ಕೆ ಕಾಯುತ್ತಾರೆ. ಅವರಲ್ಲಿ ಮುನ್ನೂರು ಮಂದಿ ಸ್ಟೇಕ್ ಕೇಳಿದರೆ, ಆ ಮುನ್ನೂರೂ ಅರ್ಧ ಗಂಟೆಯ ಆಚೀಚೆ ಗ್ಯಾಲಿಯಿಂದ ಹೊರಡಬೇಕು. ಒಂದೊಂದನ್ನೇ ಕಾವಲಿಯ ಮೇಲೆ ಬೇಯಿಸಿ ಕೊಡಲು ಅಲ್ಲಿ ಜಾಗವೂ ಇಲ್ಲ, ಕೈಗಳೂ ಇಲ್ಲ. ಆದ್ದರಿಂದ ಊಟಕ್ಕೆ ಮೊದಲೇ ಮಾಂಸದ ತುಂಡುಗಳನ್ನು ಕಾದ ಗ್ರಿಡಲ್ ಮೇಲಿಟ್ಟು ಎರಡೂ ಬದಿಗೆ ಬಣ್ಣ ಬರಿಸಿಕೊಳ್ಳುತ್ತಾರೆ. ಗ್ಯಾಲಿಯಲ್ಲಿ ಇದಕ್ಕೆ ಮಾರ್ಕ್ ಮಾಡುವುದು ಎನ್ನುತ್ತಾರೆ. ಅನಂತರ ಅವನ್ನು ಟ್ರೇಗಳಲ್ಲಿ ಸಾಲಾಗಿ ಜೋಡಿಸಿ, ಆರ್ಡರ್ ಬರತೊಡಗಿದಾಗ ಇಡೀ ಟ್ರೇಯನ್ನೇ ಬಿಸಿಗಾಳಿ ಮತ್ತು ಹಬೆಯಲ್ಲಿ ಬೇಯಿಸುವ ಕಾಂಬಿ ಓವನ್ನಿಗೆ ತಳ್ಳಿ ಬೇಯಿಸುತ್ತಾರೆ. ಟ್ರೇಯ ಅಂಚಿನಲ್ಲಿದ್ದದ್ದು ಬೇಗ ಬೇಯುತ್ತದೆ, ನಡುವಿನದ್ದು ತಡವಾಗಿ ಬೇಯುತ್ತದೆ. ತಟ್ಟೆ ತುಂಬಿದ ಮೇಲೆ ಅದಕ್ಕೆ ಮುಚ್ಚಳ ಬೀಳುತ್ತದೆ. ವೇಟರ್ ಅಂತಹ ಹತ್ತು ಹನ್ನೆರಡು ತಟ್ಟೆಗಳನ್ನು ಒಂದೇ ದೊಡ್ಡ ಟ್ರೇಯಲ್ಲಿ ಪೇರಿಸಿ ಹೆಗಲ ಮೇಲೆ ಹೊತ್ತುಕೊಂಡು ಹಾಲಿಗೆ ನಡೆಯುತ್ತಾರೆ. ಆ ಮುಚ್ಚಳದೊಳಗೆ ಮಾಂಸ ತನ್ನದೇ ಹಬೆಯಲ್ಲಿ ಬೇಯುತ್ತಲೇ ಇರುತ್ತದೆ. ಒಲೆಯಿಂದ ಇಳಿದ ಮೇಲೂ ಒಳಗಿನ ಉಷ್ಣತೆ ಮೂರರಿಂದ ಐದು ಡಿಗ್ರಿಯಷ್ಟು ಏರುತ್ತದೆ. ಹೊರಗಿನ ಗರಿ ಮೆತ್ತಗಾಗುವುದೂ ಅಲ್ಲಿಯೇ.

ಇನ್ನೊಂದು ತೊಡಕನ್ನು ಹೊರಗಿನವರು ಯಾರೂ ಊಹಿಸುವುದಿಲ್ಲ. ಅಮೆರಿಕದ ಬಂದರುಗಳಿಗೆ ಹೋಗುವ ಪ್ರಯಾಣಿಕ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಹತ್ತಿ ತಪಾಸಣೆ ಮಾಡುತ್ತಾರೆ. 100 ಅಂಕಗಳಲ್ಲಿ 86 ಬಾರದಿದ್ದರೆ ಹಡಗು ಅನುತ್ತೀರ್ಣ. ಆ ನಿಯಮಾವಳಿಯ ಪ್ರಕಾರ ಬಿಸಿಯಾಗಿ ಕಾದಿರಿಸಿದ ಅಡುಗೆ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣಗೆ ಇಟ್ಟದ್ದು 5 ಡಿಗ್ರಿಗಿಂತ ಮೇಲೇರಬಾರದು. ಆದರೆ ಮೀಡಿಯಂ ರೇರ್ ಎಂದು ಕರೆಯುವ, ನಡುವೆ ಕೆಂಪಗೇ ಉಳಿಯುವ ಹದದ ಒಳಗಿನ ಉಷ್ಣತೆ 54ರಿಂದ 57 ಡಿಗ್ರಿ. ಅಂದರೆ ಆ ಹದದ ಸ್ಟೇಕನ್ನು ಬಿಸಿಯಾಗಿ ಕಾದಿರಿಸಲು ಬರುವುದೇ ಇಲ್ಲ. ಕಾದಿರಿಸಿದರೆ ಅದು ಮೀಡಿಯಂ ಆಗುತ್ತದೆ, ಇನ್ನೂ ಸ್ವಲ್ಪ ಹೊತ್ತಿಗೆ ವೆಲ್ ಡನ್, ಅಂದರೆ ಪೂರ್ತಿ ಬೆಂದದ್ದು, ಆಗುತ್ತದೆ. ಉಷ್ಣತೆ 65 ಡಿಗ್ರಿ ದಾಟಿದಂತೆ ಸ್ನಾಯುವಿನ ಪ್ರೋಟೀನುಗಳು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ, ಕೆಂಪು ವರ್ಣಕ ಕಂದು-ಬೂದಿಗೆ ತಿರುಗುತ್ತದೆ. ನೀವು ಕಂಡ ಬೂದು ಬಣ್ಣವೂ ನಾರಿನಂತಹ ಒಣತನವೂ ಒಂದೇ ಕಾರಣದಿಂದ ಬಂದವು.

ಗ್ರಿಲ್ ವಿಭಾಗದ ಹೊಣೆ ನನ್ನ ಮೇಲಿದ್ದ ಕಾಲದ ಒಂದು ರಾತ್ರಿ ನನಗೆ ಇಂದಿಗೂ ಮರೆತಿಲ್ಲ. ಹಡಗಿನ ರಂಗಮಂದಿರದ ಕಾರ್ಯಕ್ರಮ ಇಪ್ಪತ್ತು ನಿಮಿಷ ತಡವಾಗಿ ಮುಗಿಯಿತು, ಎರಡನೆಯ ಪಾಳಿಯವರು ಅಷ್ಟೇ ತಡವಾಗಿ ಬಂದರು. ನಾನು ಮಾತ್ರ ಹಳೆಯ ಹೊತ್ತಿಗೆ ಸರಿಯಾಗಿ ಆರು ಟ್ರೇ ಟೆಂಡರ್‌ಲಾಯಿನನ್ನು (ಬೆನ್ನಿನ ಒಳಭಾಗದ ಮೆತ್ತನೆಯ ಮಾಂಸ) ಓವನ್ನಿನಿಂದ ತೆಗೆಸಿ, ಅಡುಗೆಯನ್ನು ಬಿಸಿಯಾಗಿಡುವ ಹಾಟ್ ಬಾಕ್ಸಿಗೆ ಸೇರಿಸಿಬಿಟ್ಟಿದ್ದೆ. ಬಾಗಿಲು ತೆರೆದಾಗ ಟ್ರೇಗಳ ತಳದಲ್ಲಿ ಒಂದು ಬೆರಳಿನಷ್ಟು ರಸ ನಿಂತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಮೊದಲು ಮೆತ್ತಗೆ ಹಿಂದಕ್ಕೆ ಚಿಮ್ಮುತ್ತಿದ್ದ ತುಂಡು ಈಗ ಹಿಮ್ಮಡಿಯಂತೆ ಗಟ್ಟಿ. ಬೇರೆ ಮಾಡಲು ಸಮಯವಿರಲಿಲ್ಲ. ಮೇಲೆ ಸಾಸ್ ಸುರಿದು ಕಳಿಸಿದೆವು. ಮಾಂಸ ಒಳ್ಳೆಯದೇ ಇತ್ತು. ಕೆಡಿಸಿದ್ದು ಆ ಇಪ್ಪತ್ತು ನಿಮಿಷ.

ಸ್ಟೇಕ್‌ಹೌಸಿನಲ್ಲಿ ಇದು ಏಕೆ ಆಗುವುದಿಲ್ಲವೆಂದರೆ, ಅಲ್ಲಿ ಒಂದು ಹೊತ್ತಿಗೆ ಕೂರುವವರು ನೂರರ ಆಸುಪಾಸು, ಅವರೂ ಬೇರೆ ಬೇರೆ ಸಮಯಕ್ಕೆ ಮೇಜು ಕಾದಿರಿಸಿಕೊಂಡು ಬಂದವರು. ಆರ್ಡರ್ ಬಂದ ಮೇಲೆ ಹಸಿ ತುಂಡು ಬೆಂಕಿಗೆ ಬೀಳುತ್ತದೆ, ಬೆಂದ ಮೇಲೆ ಕೆಲವು ನಿಮಿಷ ವಿಶ್ರಾಂತಿ ಪಡೆದು ನೇರ ಮೇಜಿಗೆ ಬರುತ್ತದೆ. ಬೆಂಕಿ ಎಂದೆನಾದರೂ ಅದು ಮಾತಿಗೆ ಹೇಳಿದ್ದು. 1912ರ ಟೈಟಾನಿಕ್ ದುರಂತದ ಬಳಿಕ 1914ರಲ್ಲಿ ರೂಪುಗೊಂಡು, ಈಗ 1974ರ ರೂಪದಲ್ಲಿ ಜಾರಿಯಲ್ಲಿರುವ ಸೋಲಾಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಹಡಗುಗಳ ಅಗ್ನಿ ಸುರಕ್ಷತೆಯನ್ನು ಬಿಗಿಯಾಗಿ ನಿಯಂತ್ರಿಸುತ್ತದೆ, ಮತ್ತು ಇಂದಿನ ದೊಡ್ಡ ಪ್ರಯಾಣಿಕ ಹಡಗುಗಳ ಗ್ಯಾಲಿಗಳು ಗ್ಯಾಸಿನ ಉರಿಯಾಗಲಿ ಇದ್ದಿಲಾಗಲಿ ಇಲ್ಲದೆ ವಿದ್ಯುತ್ತಿನಲ್ಲೇ ನಡೆಯುತ್ತವೆ. ನೆಲದ ಮೇಲಿನ ಸ್ಟೇಕ್‌ಹೌಸಿನ ಹೊಗೆಯ ಪರಿಮಳವನ್ನು ಹಡಗಿನಲ್ಲಿ ನಿರೀಕ್ಷಿಸಬಾರದು. ಆದರೆ ಮೇಲಿನಿಂದ ತೀವ್ರ ಕಾವು ಸೂಸುವ ವಿದ್ಯುತ್ ಬ್ರಾಯ್ಲರುಗಳು ಒಳ್ಳೆಯ ಸ್ಟೇಕ್‌ಹೌಸುಗಳಲ್ಲಿ ಇರುತ್ತವೆ. ಮಾಂಸದ ಹೊರಮೈಯ ತೇವ ಆರಿ ಉಷ್ಣತೆ 140 ಡಿಗ್ರಿ ದಾಟಿದ ಮೇಲೆಯೇ ಆ ಕಂದು ಗರಿಯೂ ಅದರ ವಾಸನೆಯೂ ಹುಟ್ಟುವುದರಿಂದ, ಆ ಕಾವು ಬಹಳ ಮುಖ್ಯ. ಹಬೆ ತುಂಬಿದ ಓವನ್ನಿನಲ್ಲಿ ಅದು ಸಿಗುವುದಿಲ್ಲ.

ತುಂಡಿನ ದಪ್ಪವೂ ಗಣನೆಗೆ ಬರುತ್ತದೆ. ದೊಡ್ಡ ಹಾಲಿನ ಸ್ಟೇಕ್ ಬಹುಮಟ್ಟಿಗೆ 170 ಗ್ರಾಮಿನ ಸುತ್ತಮುತ್ತ ಇರುತ್ತದೆ. ಸ್ಟೇಕ್‌ಹೌಸಿನದ್ದು 280 ಗ್ರಾಂ, ಕೆಲವೊಮ್ಮೆ 450 ಗ್ರಾಂ. ತೆಳು ತುಂಡಿನ ಹೊರಮೈಗೆ ಬಣ್ಣ ಬರುವಷ್ಟರಲ್ಲಿ ಒಳಗೂ ಬೆಂದು ಹೋಗಿರುತ್ತದೆ. ಕೈ ಎಷ್ಟು ಪಳಗಿದ್ದರೂ ಇದನ್ನು ತಪ್ಪಿಸಲಾಗದು.

ದರ್ಜೆಯ ವಿಷಯದಲ್ಲಿ ಮೆನುವಿನ ಪದಗಳು ಜನರನ್ನು ದಾರಿ ತಪ್ಪಿಸುವುದರಿಂದ ಎರಡು ಮಾತು ಹೇಳಲೇಬೇಕು. ಅಮೆರಿಕದ ಕೃಷಿ ಇಲಾಖೆ ಬೀಫಿಗೆ ಕೊಡುವ ದರ್ಜೆಗಳಲ್ಲಿ ಮೇಲಿನ ಮೂರು ಪ್ರೈಮ್, ಚಾಯ್ಸ್, ಸೆಲೆಕ್ಟ್. ದನದ ವಯಸ್ಸು ಮತ್ತು ಮಾಂಸದ ಎಳೆಗಳ ನಡುವೆ ಹರಡಿರುವ ಬಿಳಿ ಕೊಬ್ಬಿನ ಪ್ರಮಾಣವನ್ನು ನೋಡಿ ಇದನ್ನು ನಿರ್ಧರಿಸುತ್ತಾರೆ. ಸ್ಟೇಕ್‌ಹೌಸಿನ ಮೆನುವಿನಲ್ಲಿ ಯುಎಸ್‌ಡಿಎ ಪ್ರೈಮ್ ಎಂದು ಬರೆದಿದ್ದರೆ ಅದಕ್ಕೆ ಅರ್ಥವಿದೆ. ಬರಿಯ ಆಂಗಸ್ ಎಂದಿದ್ದರೆ ಅದು ದನದ ತಳಿಯ ಹೆಸರೇ ಹೊರತು ದರ್ಜೆಯಲ್ಲ. ಪ್ರೈಮ್ ರಿಬ್ ಎಂಬುದಂತೂ ಪಕ್ಕೆಲುಬಿನ ಭಾಗದ ರೋಸ್ಟಿನ ಹೆಸರು. ಅದರಲ್ಲಿನ ಪ್ರೈಮ್ ಪದಕ್ಕೂ ಪ್ರೈಮ್ ದರ್ಜೆಗೂ ಸಂಬಂಧವಿರಬೇಕೆಂದೇನೂ ಇಲ್ಲ.

ಫ್ರೀಜರಿನ ಬಗ್ಗೆ ನಮ್ಮ ಊರಿನವರಿಗೆ ಇರುವ ಅನುಮಾನ ನನಗೆ ಅರ್ಥವಾಗುತ್ತದೆ, ಏಕೆಂದರೆ ದಕ್ಕೆಯಿಂದ ಬಂದ ಮೀನನ್ನು ಅದೇ ದಿನ ತಿನ್ನುವವರು ನಾವು. ಆದರೆ ಬೀಫ್ ಮೀನಲ್ಲ. ಕಡಿದ ಮೇಲೆ ಕೆಲವು ವಾರ ನಿರ್ವಾತ ಚೀಲದಲ್ಲಿ ತಂಪಾಗಿಟ್ಟರೆ ಅದರದೇ ಕಿಣ್ವಗಳು ಎಳೆಗಳನ್ನು ಸಡಿಲಗೊಳಿಸುತ್ತವೆ. ಹೀಗೆ ಪಕ್ವಗೊಂಡ ಬಳಿಕ ವೇಗವಾಗಿ ಘನೀಕರಿಸಿ, ಮೈನಸ್ 18 ಡಿಗ್ರಿಯಲ್ಲಿ ಕಾಪಾಡಿದ ಮಾಂಸ ಒಳ್ಳೆಯ ಮಾಂಸವೇ. ಕೆಡುವುದು ಕರಗಿಸುವಾಗ. ಹಡಗಿನ ಕೆಳ ಅಂತಸ್ತಿನಲ್ಲಿ ಇದಕ್ಕೆಂದೇ ಒಂದು ತಂಪು ಕೋಣೆ ಇರುತ್ತದೆ. ಅಲ್ಲಿ ಸುಮಾರು 4 ಡಿಗ್ರಿಯಲ್ಲಿ ಎರಡು ಮೂರು ದಿನ ನಿಧಾನವಾಗಿ ಕರಗಿದ ಮಾಂಸದ ಚೀಲದಲ್ಲಿ ನಾಲ್ಕೈದು ಚಮಚ ರಸವಷ್ಟೇ ಇರುತ್ತದೆ. ಅವಸರದಲ್ಲಿ ಕರಗಿಸಿದ್ದರೆ ಚೀಲ ಕೆಂಪು ನೀರಿನಿಂದ ಉಬ್ಬಿರುತ್ತದೆ. ನಾನು ಬೆಳಿಗ್ಗೆ ಬುಚರ್ ಕೋಣೆಗೆ ಹೋದಾಗ ಮೊದಲು ನೋಡುತ್ತಿದ್ದದ್ದು ಆ ಚೀಲಗಳನ್ನೇ. ಒಂದೇ ಹಡಗಿನ ದೊಡ್ಡ ಹಾಲಿಗೂ ಸ್ಟೇಕ್‌ಹೌಸಿಗೂ ಮಾಂಸ ಅನೇಕ ಸಲ ಇದೇ ಕೋಣೆಯಿಂದ ಹೋಗುತ್ತದೆ.

ಈಗ ನಿಮ್ಮನ್ನು ಕಾಡಿದ ಕೆಂಪು ನೀರು. ಅದು ರಕ್ತವಲ್ಲ. ಕಡಿಯುವಾಗಲೇ ರಕ್ತ ಬಸಿದು ಹೋಗಿರುತ್ತದೆ; ತಟ್ಟೆಯಲ್ಲಿ ಕಾಣುವುದು ಸ್ನಾಯುವಿನೊಳಗಿನ ನೀರು, ಮತ್ತು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್. ನಿಮಗೆ ಅದು ಒಗ್ಗದಿರುವುದಕ್ಕೆ ನಮ್ಮ ಅಡುಗೆಯ ಅಭ್ಯಾಸವೂ ಕಾರಣ, ನಮ್ಮಲ್ಲಿ ಸಿಗುವ ಮಾಂಸವೂ ಕಾರಣ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ 13 ವರ್ಷ ತುಂಬಿದ ಎಮ್ಮೆ ಕೋಣಗಳನ್ನು ಬಿಟ್ಟು ಬೇರೆ ಜಾನುವಾರುಗಳ ವಧೆಗೆ ಅವಕಾಶವಿಲ್ಲ. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸ ಬಣ್ಣದಲ್ಲಿ ಕಪ್ಪು, ಎಳೆಗಳ ನಡುವೆ ಕೊಬ್ಬು ಕಡಿಮೆ, ಜೋಡಣೆಯ ಅಂಗಾಂಶ ಗಟ್ಟಿ. ಬೆನ್ನಿನ ಒಳಭಾಗದ ಅಂಡರ್‌ಕಟ್ ಒಂದನ್ನು ಬಿಟ್ಟರೆ ಉಳಿದದ್ದನ್ನು ಬಹಳ ಹೊತ್ತು ಬೇಯಿಸಲೇಬೇಕು. ನಮ್ಮ ಊರಿನ ಬೀಫ್ ಸುಕ್ಕ, ಚಿಲ್ಲಿಗಳೆಲ್ಲ ಸರಿಯಾಗಿಯೇ ಹಾಗೆ ರೂಪುಗೊಂಡಿವೆ. ಹಡಗಿನ ಸ್ಟೇಕ್ ಮಾತ್ರ ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸಿನ, ಧಾನ್ಯ ತಿನ್ನಿಸಿ ಬೆಳೆಸಿದ ಎಳೆಯ ದನದ್ದು. ಇದನ್ನು ನಮ್ಮ ರೀತಿಯಲ್ಲಿ ಪೂರ್ತಿ ಬೇಯಿಸಿದರೆ ಇರುವ ಮೃದುತ್ವವೂ ಹೋಗುತ್ತದೆ.

ಸುರಕ್ಷತೆಯ ಭಯ ನಿಮಗಿದ್ದರೆ ಅದಕ್ಕೂ ಉತ್ತರವಿದೆ. ಇಡಿಯಾದ ಸ್ನಾಯುವಿನ ತುಂಡಿನಲ್ಲಿ ರೋಗಾಣುಗಳು ಇರುವುದು ಹೊರಮೈಯಲ್ಲಿ. ಹೊರಗೆ ಚೆನ್ನಾಗಿ ಸುಟ್ಟರೆ ಅವು ಸಾಯುತ್ತವೆ, ಒಳಗೆ ಕೆಂಪಗಿದ್ದರೂ ಆರೋಗ್ಯವಂತರಿಗೆ ಅಪಾಯ ತೀರಾ ಕಡಿಮೆ. ಕೊಚ್ಚಿದ ಮಾಂಸದ ಬರ್ಗರಿನಲ್ಲಿ ಹೊರಗಿನದ್ದೆಲ್ಲ ಒಳಗೆ ಬೆರೆತಿರುವುದರಿಂದ ಅದನ್ನು ಪೂರ್ತಿ ಬೇಯಿಸಿಯೇ ತಿನ್ನಬೇಕು. ಗರ್ಭಿಣಿಯರು, ಚಿಕ್ಕ ಮಕ್ಕಳು, ರೋಗನಿರೋಧಕ ಶಕ್ತಿ ಕುಗ್ಗಿರುವವರು ಸ್ಟೇಕನ್ನೂ ಪೂರ್ತಿ ಬೇಯಿಸಿಕೊಳ್ಳುವುದೇ ಸರಿ. ನಿಮಗೆ ಕೆಂಪು ನೀರು ನೋಡಲಾಗದಿದ್ದರೆ ಮೀಡಿಯಂ ಕೇಳಿ; ಸುಮಾರು 60 ಡಿಗ್ರಿಯ ಆ ಹದದಲ್ಲಿ ನಡುವೆ ತಿಳಿಗುಲಾಬಿ ಬಣ್ಣ ಉಳಿಯುತ್ತದೆ, ರಸವೂ ಉಳಿಯುತ್ತದೆ. ಆಗ ಫಿಲೆ (ಅಂಡರ್‌ಕಟ್) ಬದಲು ಪಕ್ಕೆಲುಬಿನ ಭಾಗದ ರಿಬ್‌ಐ ಆರಿಸಿಕೊಳ್ಳಿ. ಫಿಲೆಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಸ್ವಲ್ಪ ಹೆಚ್ಚು ಬೆಂದರೂ ಒಣಗುತ್ತದೆ. ರಿಬ್‌ಐಯ ಕೊಬ್ಬು ಅಷ್ಟು ತಪ್ಪನ್ನು ತಾಳಿಕೊಳ್ಳುತ್ತದೆ.

ಹಣ ಕೊಟ್ಟೇ ತಿನ್ನಬೇಕೇ ಎಂದು ಕೇಳಿದ್ದೀರಿ. ಸ್ಟೇಕ್ ತಿನ್ನಲು ಹೌದು; ಒಳ್ಳೆಯ ಊಟಕ್ಕೆ ಖಂಡಿತ ಅಲ್ಲ. ದೊಡ್ಡ ಹಾಲಿನಲ್ಲಿ ಗಸಿಯ ಗುಂಪಿಗೆ ಸೇರಿದ ಖಾದ್ಯಗಳನ್ನು ಆರಿಸಿಕೊಳ್ಳಿ. ನಿಧಾನವಾಗಿ ಬೇಯಿಸಿದ ದನದ ಪಕ್ಕೆಲುಬಿನ ಶಾರ್ಟ್ ರಿಬ್, ಕುರಿಯ ಕಾಲಿನ ಲ್ಯಾಂಬ್ ಶ್ಯಾಂಕ್, ಎಳೆಗರುವಿನ ಕಾಲಿನಿಂದ ಮಾಡುವ ಇಟಲಿಯ ಓಸ್ಸೋ ಬೂಕೋ ಇವೆಲ್ಲ ಗಂಟೆಗಟ್ಟಲೆ ಬೆಂದು, ಜೋಡಣೆಯ ಅಂಗಾಂಶ ಕರಗಿ ಅಂಟಂಟಾದ ಮೇಲೆಯೇ ರುಚಿ ಬರುವಂಥವು. ಸಾವಿರ ಜನಕ್ಕೆ ಮಾಡಿದರೂ ಹದ ತಪ್ಪುವುದಿಲ್ಲ. ಪ್ರೈಮ್ ರಿಬ್ ರಾತ್ರಿಯೊಂದು ಬಹಳ ಹಡಗುಗಳಲ್ಲಿ ಇರುತ್ತದೆ, ಅದನ್ನು ತಪ್ಪಿಸಬೇಡಿ. ಹಲವು ಕಿಲೋ ತೂಗುವ ಇಡೀ ರೋಸ್ಟ್ ಕಡಿಮೆ ಕಾವಿನಲ್ಲಿ ಬೆಂದು, ಬೇಕಾದಾಗ ಬೇಕಾದಷ್ಟು ಕತ್ತರಿಸಿ ಬಡಿಸಲ್ಪಡುವುದರಿಂದ ಅದರ ನಡುಭಾಗ ಒಣಗುವುದಿಲ್ಲ. ಬೀಫ್ ಬೇಕೆನಿಸಿದ ರಾತ್ರಿ ದೊಡ್ಡ ಹಾಲಿನಲ್ಲಿ ನಾನು ಇಂದಿಗೂ ಆರಿಸುವುದು ಅದನ್ನೇ. ದೊಡ್ಡ ಹಾಲಿನ ಮೆನುವಿನಲ್ಲೇ ಕೆಲವು ಸ್ಟೇಕ್‌ಗಳ ಪಕ್ಕ ಹೆಚ್ಚುವರಿ ಬೆಲೆ ಬರೆದಿರುವುದನ್ನು ಈಚೆಗೆ ಕೆಲವು ಹಡಗುಗಳಲ್ಲಿ ಕಾಣಬಹುದು. ಮಾಂಸ ದರ್ಜೆಯಲ್ಲಿ ಮೇಲಿನದಾದರೂ ಅದು ಬೇಯುವುದು ಅದೇ ಗ್ಯಾಲಿಯ ಅದೇ ಗಡಿಬಿಡಿಯಲ್ಲಿ. ಆ ಹಣವನ್ನು ಸ್ಟೇಕ್‌ಹೌಸಿಗೆ ಉಳಿಸಿಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ.

ಸ್ಟೇಕ್‌ಹೌಸಿನ ಖರ್ಚು ಹಡಗಿನಿಂದ ಹಡಗಿಗೆ ಬೇರೆಯಾದರೂ ತಲೆಗೆ ಸುಮಾರು 40ರಿಂದ 80 ಡಾಲರ್ ಎಂದು ಇಟ್ಟುಕೊಳ್ಳಿ; ಅದರ ಮೇಲೆ ಶೇಕಡಾ 18ರಿಂದ 20ರಷ್ಟು ಸೇವಾ ಶುಲ್ಕ ಬೀಳುವುದುಂಟು. ಹತ್ತಿದ ಮೊದಲ ರಾತ್ರಿ ಹೆಚ್ಚಿನವರು ದೊಡ್ಡ ಹಾಲಿಗೋ ಬಫೆಗೋ ಹೋಗುವುದರಿಂದ ಸ್ಟೇಕ್‌ಹೌಸಿನಲ್ಲಿ ಜನ ಕಡಿಮೆ, ಹಲವು ಕಂಪನಿಗಳು ಆ ರಾತ್ರಿಗೆ ರಿಯಾಯಿತಿಯನ್ನೂ ಕೊಡುತ್ತವೆ. ಏಳು ರಾತ್ರಿಗಳಲ್ಲಿ ಒಂದು ರಾತ್ರಿ ಸಾಕು. ಓಶಿಯಾನಿಯಾದಂತಹ ಕೆಲವು ಕಂಪನಿಗಳಲ್ಲಿ ಸ್ಟೇಕ್‌ಹೌಸಿನ ಊಟ ಟಿಕೆಟಿನಲ್ಲೇ ಸೇರಿರುತ್ತದೆ, ಆದರೆ ಟಿಕೆಟಿನ ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು.

ದೊಡ್ಡ ಹಾಲಿನಲ್ಲಿ ಸ್ಟೇಕ್ ತಿನ್ನಲೇಬೇಕೆಂದಾದರೆ ಪಾಳಿಯ ಆರಂಭದಲ್ಲೇ ಹೋಗಿ ಕುಳಿತುಕೊಳ್ಳಿ, ನಿಮಗೆ ಬೇಕಾದ ಹದಕ್ಕಿಂತ ಒಂದು ಹದ ಕಡಿಮೆ ಕೇಳಿ, ಸಾಸನ್ನು ಬೇರೆ ಬಟ್ಟಲಿನಲ್ಲಿ ತರಲು ಹೇಳಿ. ಬಂದದ್ದು ಹದ ತಪ್ಪಿದ್ದರೆ ಸಂಕೋಚಪಡದೆ ಹಿಂದಕ್ಕೆ ಕಳಿಸಿ. ನಮ್ಮವರು ಇದೊಂದನ್ನು ಮಾಡುವುದೇ ಇಲ್ಲ. ಬಡಿಸಿದ್ದನ್ನು ಬಿಡಬಾರದೆಂಬ ಸಂಸ್ಕಾರದಿಂದ ಪೂರ್ತಿ ತಿಂದು, ಊರಿಗೆ ಬಂದ ಮೇಲೆ ಬೇಸರ ಹೇಳಿಕೊಳ್ಳುತ್ತಾರೆ. ಹಿಂದಿರುಗಿ ಬಂದ ತಟ್ಟೆಗೆ ಬದಲಾಗಿ ಗ್ಯಾಲಿಯವರು ಹೊಸ ತುಂಡನ್ನು ಕಾವಲಿಯ ಮೇಲೆ ಬೇಯಿಸಿ ಕೊಡುತ್ತಾರೆ, ಅಂದರೆ ಆಗ ನಿಮಗೆ ಸಿಗುವುದು ಟ್ರೇಯದ್ದಲ್ಲ. ಅಂತಹ ತಟ್ಟೆ ನನ್ನ ವಿಭಾಗಕ್ಕೆ ಬಂದಾಗ ನನಗೆ ಎಂದೂ ಸಿಟ್ಟು ಬಂದದ್ದಿಲ್ಲ.

ಅತ್ತೆಯವರ ಮೀನಿನ ವಿಷಯಕ್ಕೆ ಬಂದರೆ, ಇಲ್ಲಿ ಮಾತ್ರ ನೀವು ನಿರೀಕ್ಷೆಯನ್ನು ಸ್ವಲ್ಪ ಇಳಿಸಿಕೊಳ್ಳಬೇಕು. ಹಡಗಿನ ಸುತ್ತ ಸಮುದ್ರವಿದ್ದರೂ ಅಡುಗೆಗೆ ಬರುವ ಮೀನು ಬಹುಪಾಲು ಫ್ರೀಜರಿನದ್ದು: ಸಾಲ್ಮನ್, ಕಾಡ್, ಟಿಲಾಪಿಯಾ. ಬಂಗುಡೆ ಪುಳಿಮುಂಚಿ ತಿಂದ ನಾಲಿಗೆಗೆ ಬೆಣ್ಣೆ ಮತ್ತು ಲಿಂಬೆರಸದ ಸಾಲ್ಮನ್ ಸಪ್ಪೆ ಎನಿಸುವುದು ಸಹಜ. ಬಫೆಯಲ್ಲಿ ಹೊತ್ತಿನಿಂದ ಇಟ್ಟಿರುವ ಮೀನಿಗಿಂತ, ಹಾಲಿನ ಮೆನುವಿನಲ್ಲಿ ಸಾಸಿನಲ್ಲಿ ಬೇಯಿಸಿದ ಮೀನನ್ನು ಅಥವಾ ಸಿಗಡಿಯ ಖಾದ್ಯವನ್ನು ಅವರಿಗೆ ತರಿಸಿ. ಬಾರ್ಸಿಲೋನಾ, ನೇಪಲ್ಸ್, ಮಾರ್ಸೆಲ್ ಇವುಗಳಲ್ಲಿ ಯಾವುದಾದರೂ ನಿಮ್ಮ ದಾರಿಯಲ್ಲಿದ್ದರೆ ಮಧ್ಯಾಹ್ನ ಬಂದರಿನಲ್ಲಿ ಇಳಿದು ಅಲ್ಲಿಯ ಊರಿನ ಹೋಟೆಲಿನಲ್ಲಿ ಮೀನು ತಿನ್ನಿಸಿ; ಮೆಡಿಟರೇನಿಯನ್ನಿನ ಸಣ್ಣ ಮೀನುಗಳ ಫ್ರೈ ಅವರಿಗೆ ಮಲ್ಪೆಯನ್ನೇ ನೆನಪಿಸೀತು.

ಇನ್ನು ಅವರಿಗೆ ಅನ್ನ ಸಾರು ಬೇಕೆನಿಸಿದರೆ, ಮೊದಲ ರಾತ್ರಿಯೇ ನಿಮ್ಮ ಮೇಜಿನ ಹೆಡ್ ವೇಟರನ್ನು ಕರೆದು ಮರುದಿನಕ್ಕೆ ಭಾರತೀಯ ಊಟ ಬೇಕೆಂದು, ಬೀಫ್ ತಗುಲಿದ ಯಾವುದೂ ಬೇಡವೆಂದು ಸ್ಪಷ್ಟವಾಗಿ ಹೇಳಿ. ಕಂದು ಗ್ರೇವಿ ಮತ್ತು ಕೆಲವು ಸೂಪುಗಳು ದನದ ಮೂಳೆಯ ರಸದಿಂದ ತಯಾರಾಗುತ್ತವೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ, ಅದನ್ನು ಹೆಸರು ಹಿಡಿದೇ ಕೇಳಬೇಕು. ಗ್ಯಾಲಿಯಲ್ಲಿ ಗೋವಾದವರೋ ಮಂಗಳೂರಿನವರೋ ಯಾರಾದರೊಬ್ಬರು ಇರುವ ಸಾಧ್ಯತೆ ಬಹಳ. ಹಿಂದಿನ ದಿನವೇ ಮಾತು ಮುಟ್ಟಿದ್ದರೆ ಅವರು ಒಗ್ಗರಣೆ ಹಾಕಿದ ಬೇಳೆ ಸಾರನ್ನು ಬಿಸಿಬಿಸಿಯಾಗಿ ಕಳಿಸಿಕೊಡುತ್ತಾರೆ. ಊಟಕ್ಕೆ ಕುಳಿತ ಮೇಲೆ ಕೇಳಿದರೆ ಬಫೆಯಲ್ಲಿ ಮಿಕ್ಕದ್ದೇ ಬರುತ್ತದೆ.